ಹಾಡುವ ಹುಡುಗಿಯನ್ನು ಕಳಿಸಬೇಕೋ, ಹಾಡಿದ ವಿಡಿಯೊ ಕಳಿಸಬೇಕೋ?

ವಡಗಾವಿ ಮಗ್ಗದವ (ಬೆಳಗಾವಿ)

ಎಲ್ಲರಿಗೂ ಶರಣು. ನಾನು ಸಂಗೀತದವನಲ್ಲ, ವಡಗಾವಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿರುವ ನೇಕಾರ. ಸಂಗೀತದವಳು ನನ್ನ ಮಗಳು. ಒಂಬತ್ತನೆಯ ವಯಸ್ಸಿಗೆ ಹಾಡು ಕಲಿಯಲು ಕೂತವಳು ಈಗ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಮಧ್ಯಮಾ ಪೂರ್ಣ ಪರೀಕ್ಷೆಯೂ ಆಗಿದೆ. ಮುಂದೆ ಸಂಗೀತದಲ್ಲೇ ಪದವಿ ಮಾಡುತ್ತೇನೆಂದು ಹಟ. ನಾನೂ ಅಡ್ಡ ಬಂದಿಲ್ಲ.

ಬೆಂಗಳೂರಿನ ಒಂದು ಸಂಗೀತ ಶಾಲೆಗೆ ಅರ್ಜಿ ಹಾಕಿದ್ದೇವೆ. ಪ್ರವೇಶಕ್ಕೆ ಆಡಿಷನ್ ಇದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಂತೆ: ಜೂನ್ ತಿಂಗಳ ಒಂದು ಶನಿವಾರ ಖುದ್ದಾಗಿ ಹೋಗಿ ಗುರುಗಳ ಎದುರು ಹಾಡುವುದು, ಇಲ್ಲವೇ ಹದಿನೈದು ನಿಮಿಷದ ವಿಡಿಯೊ ಕಳಿಸುವುದು. ವಿಡಿಯೊ ಆದರೆ ಒಂದೇ ಓಟದಲ್ಲಿ ಆಗಬೇಕು, ಎಲ್ಲೂ ಕತ್ತರಿ ಹಾಕುವಂತಿಲ್ಲ, ಕ್ಯಾಮೆರಾ ಕದಲುವಂತಿಲ್ಲ. ಒಮ್ಮೆ ಆರಿಸಿದ ಮೇಲೆ ಬದಲಿಸಲು ಬರುವುದಿಲ್ಲ.

ಮಗಳ ಗುರುಗಳು "ಹೋಗಿ ಹಾಡಲಿ" ಎನ್ನುತ್ತಾರೆ. ಮಗಳು "ವಿಡಿಯೊ ಕಳಿಸೋಣ ಅಪ್ಪಾ" ಎನ್ನುತ್ತಾಳೆ. ಹೋದ ವರ್ಷ ಗಣೇಶೋತ್ಸವದ ಮಂಟಪದಲ್ಲಿ ಹಾಡುವಾಗ ಅಂತರಾ, ಅಂದರೆ ಹಾಡಿನ ಎರಡನೆಯ ಭಾಗ, ಮರೆತು ನಿಂತುಬಿಟ್ಟಿದ್ದಳು. ಆ ಹೆದರಿಕೆ ಇನ್ನೂ ಇಳಿದಿಲ್ಲ. ನನ್ನ ಚಿಂತೆ ಖರ್ಚಿನದು. ರಾಣಿ ಚೆನ್ನಮ್ಮ ರೈಲಿನಲ್ಲಿ ಇಬ್ಬರು ಹೋಗಿಬರುವ ಟಿಕೆಟ್, ಅಲ್ಲಿ ಒಂದು ರಾತ್ರಿಯ ಲಾಡ್ಜ್, ಎರಡು ದಿನ ಮಗ್ಗ ನಿಂತರೆ ಆಗುವ ಲುಕ್ಸಾನು. ಮನೆಯಲ್ಲೇ ವಿಡಿಯೊ ಮಾಡೋಣವೆಂದರೆ ನಮ್ಮವು ನಾಲ್ಕು ಮಗ್ಗ, ಗೋಡೆಯಾಚೆ ನೆರೆಯವರವು ಆರು. ತಿಳಿದವರು ಹೇಳಿ.

ನವನಗರದ ತಬಲಜಿ (ಬಾಗಲಕೋಟೆ)

ಅಣ್ಣನವರೇ, ಹೋಗಿಯೇ ಹಾಡಲಿ. ಆದರೆ ಬರಿಗೈಯಲ್ಲಿ ಹೋಗಬೇಡಿ.

ಇಂಥ ಆಡಿಷನ್‌ಗಳಿಗೆ ಸಾಥ್ ಕೊಡಲು, ಅಂದರೆ ಹಾಡಿನ ಜೊತೆಗೆ ತಬಲಾ ಬಾರಿಸಲು, ನಾನು ಹೋಗಿದ್ದೇನೆ. ಒಂದು ಕಡೆ, ಹೆಸರು ಬೇಡ, ಬೆಳಿಗ್ಗೆ ಹತ್ತಕ್ಕೆ ಕೂತವನು ಸಂಜೆ ಐದಕ್ಕೆ ಎದ್ದೆ. ಮೂವತ್ತೆಂಟು ಮಕ್ಕಳು. ಅವರು ಒದಗಿಸಿದ್ದು ಒಂದೇ ತಬಲಾ, ಕಾಳಿ ಒಂದರದು, ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ ಕೂಡಿಸಿದ್ದು. ಹುಡುಗರಿಗೆ ಸರಿ. ಕಾಳಿ ನಾಲ್ಕಕ್ಕೆ ಹಾಡುವ ಹುಡುಗಿಯರು ಬಂದರೆ ಅದೇ ತಬಲಾ ಅವರ ಮಧ್ಯಮಕ್ಕೆ ಕೂಡುತ್ತದೆ, ಹೇಗೋ ನಡೆದುಹೋಗುತ್ತದೆ. ಮಧ್ಯಾಹ್ನ ಒಬ್ಬಳು ಬಂದು ಕೂತು ಭೂಪ ರಾಗ ಎಂದಳು. ಭೂಪದಲ್ಲಿ ಮಧ್ಯಮವೇ ಇಲ್ಲ! ಇಲ್ಲದ ಸ್ವರವನ್ನು ನಾನು ಪಕ್ಕದಲ್ಲಿ ಕೂತು ಟಣ್ ಟಣ್ ಎಂದು ಬಾರಿಸುತ್ತಿದ್ದರೆ ಪಾಪ, ಆ ಹುಡುಗಿಯ ಗಾಂಧಾರ ಎಲ್ಲಿ ನಿಲ್ಲಬೇಕು? ಪಂಚಮಕ್ಕೆ ಏರಿಸೋಣವೆಂದು ಸುತ್ತಿಗೆ ಕೈಗೆತ್ತಿಕೊಂಡರೆ ಪುಡಿ (ತಬಲಾದ ಚರ್ಮ) ಹರಿದುಹೋಗುವ ಭಯ. ಕೊನೆಗೆ ಆದಷ್ಟು ಮೆತ್ತಗೆ ಬಾರಿಸಿದೆ. ಅವಳು ಎರಡು ಸಲ ತಿರುಗಿ ನನ್ನ ಕೈ ನೋಡಿದಳು. ಆ ನೋಟ ಇನ್ನೂ ಮರೆತಿಲ್ಲ.

ಮೊದಲೇ ಫೋನ್ ಮಾಡಿ ಯಾವ ಸ್ವರದ ತಬಲಾ ಇಟ್ಟಿರುತ್ತೀರಿ ಎಂದು ಕೇಳಿ. ಮಗಳ ಸ್ವರ ಯಾವುದು? ಯಾವ ರಾಗ ತಯಾರಾಗಿದೆ?

ವಡಗಾವಿ ಮಗ್ಗದವ

ಕಾಳಿ ನಾಲ್ಕು. ಭೂಪ.

ನವನಗರದ ತಬಲಜಿ

ಶಿವಶಿವಾ! ಹಾಗಾದರೆ ಕಾಳಿ ಎರಡರ ತಬಲಾ ಒಂದನ್ನು ಯಾರಿಂದಲಾದರೂ ಕಡ ತೆಗೆದುಕೊಂಡು ಹೋಗಿ. ಅದು ಅವಳ ಪಂಚಮಕ್ಕೆ ಸರಿಯಾಗಿ ಕೂರುತ್ತದೆ. ಎಡಗೈಯ ಡಗ್ಗಾ ಬೇಡ, ಅದು ಎಲ್ಲಿ ಹೋದರೂ ಸಿಗುತ್ತದೆ.

ಬನಹಟ್ಟಿ ಹುಡುಗಿ (ಬಾಗಲಕೋಟೆ ಜಿಲ್ಲೆ)

ಕಾಕಾ, ನಮ್ಮದೂ ಮಗ್ಗದ ಮನೆ. ಎರಡು ವರ್ಷದ ಹಿಂದೆ ನಾನು ವಿಡಿಯೊ ಕಳಿಸಿಯೇ ಬೇರೊಂದು ಸಂಗೀತ ಶಾಲೆಗೆ ಸೇರಿದೆ. ಅಪ್ಪನಿಗೆ ಆಗ ಆಪರೇಷನ್ ಆಗಿತ್ತು, ಊರು ಬಿಟ್ಟು ಹೋಗುವ ಮಾತೇ ಇರಲಿಲ್ಲ. ವಿಡಿಯೊಕ್ಕೆ ಅವಕಾಶ ಇಲ್ಲದಿದ್ದರೆ ನಾನು ಇವತ್ತು ಬಿ.ಕಾಂ. ಓದುತ್ತಿದ್ದೆ. ಆದ್ದರಿಂದ ವಿಡಿಯೊವನ್ನು ಯಾರೂ ಹಗುರಾಗಿ ಮಾತಾಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಮಗ್ಗದ ಸದ್ದಿಗೆ ನಾನು ಕಂಡುಕೊಂಡ ಉಪಾಯ ಕರೆಂಟ್ ತೆಗೆಯುವ ದಿನ. ದುರಸ್ತಿಗೆಂದು ಲೈನ್ ತೆಗೆಯುತ್ತಾರಲ್ಲ, ಅವತ್ತು ಇಡೀ ಓಣಿ ತಟ್ಟನೆ ಮೌನ. ಒಂದು ಫೋನಿನಲ್ಲಿ ತಂಬೂರಿ ಹಚ್ಚಿ, ಇನ್ನೊಂದು ಫೋನಿನಲ್ಲಿ ವಿಡಿಯೊ ಹಿಡಿದು ಹಾಡಲು ಕೂತೆ. ಒಂದು ಮರೆತಿದ್ದೆ. ಮಗ್ಗ ನಿಂತರೆ ನೇಕಾರರೆಲ್ಲ ಕಟ್ಟೆಗೆ ಬಂದು ಕೂರುತ್ತಾರೆ! ಮೊದಲ ಸಲ ಕಟ್ಟೆಯ ಮೇಲಿನ ರಾಜಕೀಯ ನನ್ನ ನಿಧಾನದ ವಿಲಂಬಿತದ ಜೊತೆಗೆ ಏಕತಾಳದಲ್ಲೇ ನಡೆದಿತ್ತು. ಅಮ್ಮ ಹೊರಗೆ ಹೋಗಿ ಎಲ್ಲರಿಗೂ ಚಹಾ ಕೊಟ್ಟು ಆಚೆ ಓಣಿಗೆ ಸಾಗಿಸಿದಳು. ಎರಡನೆಯ ಸಲ ಅಜ್ಜಿಗೆ ಕೆಮ್ಮು. ಹೀಗೆ ಒಂಬತ್ತು ಸಲ. ಒಂಬತ್ತನೆಯದು ಚೆನ್ನಾಗಿ ಬರುತ್ತಿತ್ತು, ಹದಿಮೂರನೆಯ ನಿಮಿಷಕ್ಕೆ ಕರೆಂಟ್ ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು. ನಾನು ನಿಲ್ಲಿಸಲಿಲ್ಲ. ಅದನ್ನೇ ಕಳಿಸಿದೆ.

ಇನ್ನೊಂದು ನಿಜ ಹೇಳುತ್ತೇನೆ. ಸೇರಿದ ಮೇಲೆ ಮೊದಲ ಎರಡು ತಿಂಗಳು ಅತ್ತುಬಿಟ್ಟೆ. ಅಲ್ಲಿ ಗುರುಗಳು ಒಂದು ತಾನ್ (ವೇಗದ ಸ್ವರಮಾಲೆ) ಹೇಳಿದರೆ ತಕ್ಷಣ ತಿರುಗಿ ಹೇಳಬೇಕು. ನನಗೆ ಬರುತ್ತಿರಲಿಲ್ಲ. ನಾನು ತಿಂಗಳುಗಟ್ಟಲೆ ಒಂದೇ ರಾಗವನ್ನು ಅರೆದು ಅರೆದು ಹಾಡಿದವಳು. ವಿಡಿಯೊದಲ್ಲಿ ಇದ್ದುದಕ್ಕಿಂತ ದೊಡ್ಡ ಹಾಡುಗಾರ್ತಿಯಾಗಿ ಕಂಡಿದ್ದೆ, ಅದರ ಸಾಲ ಆಮೇಲೆ ತೀರಿಸಿದೆ.

ಪಿಸುಗುಟ್ಟುವ ಗುಮ್ಮಟ (ವಿಜಯಪುರ)

ಎಲ್ಲರೂ ಸ್ವರ, ತಾಳ ಎನ್ನುತ್ತಿದ್ದೀರಿ. ಮುಖ್ಯ ಮಾತನ್ನು ಯಾರೂ ಎತ್ತುತ್ತಿಲ್ಲ. ಎದುರು ಕೂತ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ ಏನು? "ಯಾರ ಹತ್ತಿರ ಕಲಿತದ್ದು?" ಆ ಉತ್ತರದಲ್ಲೇ ಅರ್ಧ ಫಲಿತಾಂಶ ಮುಗಿಯಿತು. ನನ್ನ ತಮ್ಮನಿಗೆ ಆದದ್ದು ಅದೇ. ಗುರುವಿನ ಹೆಸರು ಹೇಳಿದ, ಮೂವರಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು, ಎರಡು ನಿಮಿಷ ಹಾಡಿಸಿ ಎಬ್ಬಿಸಿದರು. ನನ್ನ ಕೇಳಿದರೆ ಹೆಸರು, ಊರು, ಮುಖ ಯಾವುದೂ ಇಲ್ಲದ ಬರೀ ಧ್ವನಿ ಕಳಿಸುವ ಪದ್ಧತಿ ಬರಬೇಕು.

ನಿವೃತ್ತ ಹಾರ್ಮೋನಿಯಂ ಮಾಸ್ತರ (ವಿಜಯಪುರ)

ತಮ್ಮಾ, ವಶೀಲಿ ಎಲ್ಲಿಲ್ಲ? ವಿಡಿಯೊದ ಮೇಲೂ ಹೆಸರು ಇರುತ್ತದೆ. ಬೇಕಾದವರ ಫೋನು ವಿಡಿಯೊಕ್ಕಿಂತ ಮುಂಚೆಯೇ ಹೋಗಿ ಮುಟ್ಟಿರುತ್ತದೆ.

ಬರೀ ಧ್ವನಿ ಕೇಳುವ ಪದ್ಧತಿ ಹೊಸದೇನಲ್ಲ. ನಾನು 1979ರಲ್ಲಿ ಧಾರವಾಡ ಆಕಾಶವಾಣಿಗೆ ಧ್ವನಿಪರೀಕ್ಷೆಗೆ ಹೋದಾಗ ಒಬ್ಬ ಗಾಯಕನಿಗೆ ಸಾಥ್ ಕೊಡಬೇಕಿತ್ತು. ಒಳಗೆ ನಾವು, ಎದುರಿಗೆ ಮೈಕು, ಕೇಳುವವರು ಕಣ್ಣಿಗೆ ಬೀಳಲಿಲ್ಲ. ಮುಗಿದ ಮೇಲೆ ಗಾಯಕ ನನ್ನ ಕೇಳಿದ, "ಅವರು ತಲೆದೂಗಿದರೋ ಇಲ್ಲವೋ ಗೊತ್ತಾಗಲಿಲ್ಲವಲ್ಲ?" ಅವನ ದುಃಖ ಅಷ್ಟೇ. ಅವನಿಗೆ ಬಿ ದರ್ಜೆ ಸಿಕ್ಕಿತು, ಪಾಲಿಗೆ ಬಂದದ್ದು ಪಂಚಾಮೃತ. ರೇಡಿಯೊಕ್ಕೆ ಆ ಪದ್ಧತಿ ಸರಿ. ಕೇಳುಗನಿಗೆ ತಲುಪುವುದು ಧ್ವನಿ ಒಂದೇ, ಪರೀಕ್ಷೆಯೂ ಧ್ವನಿಯದೇ ಆಗಲಿ. ಶಾಲೆಯ ಕೆಲಸ ಹಾಗಲ್ಲ. ಶಾಲೆ ಹುಡುಗಿಯನ್ನು ನಾಲ್ಕು ವರ್ಷ ಎದುರಿಗೆ ಕೂರಿಸಿಕೊಂಡು ತಿದ್ದಬೇಕು. ತಿದ್ದಿಸಿಕೊಳ್ಳುವ ಗುಣ ಇದೆಯೋ ಇಲ್ಲವೋ ಎಂದು ತಿದ್ದಿಯೇ ನೋಡಬೇಕು.

ಬೆಳಗಾವಿಯವರಿಗೆ ಒಂದು ನೆನಪು ಮಾಡುತ್ತೇನೆ. ನಿಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ದೊಡ್ಡ ದೊಡ್ಡ ಗವಾಯಿಗಳ ಗ್ರಾಮೊಫೋನ್ ತಟ್ಟೆ ಕೇಳಿ ಅದನ್ನೇ ಚಾಚೂ ತಪ್ಪದೆ ಹಾಡುತ್ತಿದ್ದ. ಕುಮಾರ ಗಂಧರ್ವ ಎಂಬ ಬಿರುದು ಎಳೆಯ ವಯಸ್ಸಿಗೇ ಬಂತು. ಆ ವಯಸ್ಸಿನಲ್ಲಿ ಅವನ ಹಾಡನ್ನು ಧ್ವನಿಮುದ್ರಿಸಿ ಯಾವ ಶಾಲೆಗೆ ಕಳಿಸಿದ್ದರೂ ನೂರಕ್ಕೆ ನೂರು. ಆದರೆ ಮುಂಬಯಿಯಲ್ಲಿ ಬಿ.ಆರ್. ದೇವಧರರ ಕೈಗೆ ಸಿಕ್ಕಿ, ಕೂತು ಕಲಿತ ಮೇಲೆ ಅವರು ಯಾರ ನಕಲೂ ಅಲ್ಲದ ಗಾಯಕರಾದರು. ತಟ್ಟೆಯಂತೆ ಹಾಡಬಲ್ಲ ಮಕ್ಕಳು ಇವತ್ತು ಓಣಿಗೆ ಇಬ್ಬರಿದ್ದಾರೆ. ತಟ್ಟೆ ಮುಗಿದ ಮೇಲೆ ಏನು ಮಾಡುತ್ತಾರೆ ಎನ್ನುವುದು ತಟ್ಟೆಯಲ್ಲಿ ಸಿಗುವುದಿಲ್ಲ.

ಪಿಸುಗುಟ್ಟುವ ಗುಮ್ಮಟ

ಮಾಸ್ತರರೇ, ಕುಮಾರ ಗಂಧರ್ವರ ಉದಾಹರಣೆ ಎಲ್ಲದಕ್ಕೂ ಒದಗುತ್ತದೆ. ನನ್ನ ತಮ್ಮನ ಉದಾಹರಣೆ ಯಾರಿಗೂ ಬೇಡ.

ನಿವೃತ್ತ ಹಾರ್ಮೋನಿಯಂ ಮಾಸ್ತರ

ನಿನ್ನ ತಮ್ಮ ಈಗ ಎಲ್ಲಿ ಕಲಿಯುತ್ತಿದ್ದಾನೆ? ಬಿಟ್ಟಿದ್ದರೆ ನನ್ನ ಹತ್ತಿರ ಕಳಿಸು. ಇದು ಜಗಳಕ್ಕೆ ಹೇಳಿದ ಮಾತಲ್ಲ.

ಟಿಳಕವಾಡಿ ಮೈಕು (ಬೆಳಗಾವಿ)

ಧ್ವನಿಮುದ್ರಣ ನನ್ನ ಹೊಟ್ಟೆಪಾಡು, ಆದ್ದರಿಂದ ಯಂತ್ರದ ಮಾತು ಮಾತ್ರ ಹೇಳುತ್ತೇನೆ. ವಿಡಿಯೊ ಎಂದರೆ ಉಳ್ಳವರು ಗೆಲ್ಲುವ ಆಟ ಎಂಬ ಮಾತು ಅರ್ಧ ನಿಜ. ಫೋನು ಸಾಕು, ಆದರೆ ಫೋನಿಗೆ ಹಾಡು ಎಂದರೇನು ಎಂದು ಗೊತ್ತಿಲ್ಲ. ಅದನ್ನು ಮಾಡಿರುವುದು ಮಾತಿಗೆ.

ಫೋನಿನ ಕ್ಯಾಮೆರಾದಲ್ಲಿ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ. ಹುಡುಗಿ ಮಂದ್ರದಲ್ಲಿ ಮೆಲ್ಲಗೆ ಆಲಾಪ ಮಾಡಿದರೆ ಅದು ಏರಿಸುತ್ತದೆ, ತಾರ ಷಡ್ಜಕ್ಕೆ ಹೋಗಿ ಧ್ವನಿ ತುಂಬಿದರೆ ಅಮುಕುತ್ತದೆ. ಎಂಟು ವರ್ಷ ಕಷ್ಟಪಟ್ಟು ಕಲಿತ ಏರಿಳಿತ ಹೊರಗೆ ಬರುವಾಗ ಇಸ್ತ್ರಿ ಮಾಡಿದ ಬಟ್ಟೆ. ಮಟ್ಟವನ್ನು ನಾವೇ ಹಿಡಿದಿಡುವ ಸೌಲಭ್ಯವಿರುವ ಆ್ಯಪ್‌ನಲ್ಲಿ ಹಿಡಿಯುವುದು ಮೇಲು.

ವಿಡಿಯೊ ಕರೆಯಲ್ಲಿ ಹಾಡಿಸುವುದು ಇನ್ನೂ ಕೆಟ್ಟದ್ದು. ಕೆಲವು ಶಾಲೆಗಳು ಅದನ್ನೂ ಮಾಡುತ್ತವೆ. ಕರೆಯ ತಂತ್ರಾಂಶ ಒಂದೇ ಸಮನೆ ಕೇಳಿಬರುವ ಸದ್ದನ್ನೆಲ್ಲ ಗದ್ದಲ ಎಂದು ಅಳಿಸಿಹಾಕುತ್ತದೆ. ಫ್ಯಾನಿನ ಸದ್ದೂ ಒಂದೇ ಸಮ, ತಂಬೂರಿಯೂ ಒಂದೇ ಸಮ. ಅದಕ್ಕೆ ಎರಡೂ ಒಂದೇ. ತಂಬೂರಿ ಆಗಾಗ ಮಾಯ, ಹುಡುಗಿಯ ದೀರ್ಘ ಸ್ವರವೂ ಅರ್ಧಕ್ಕೆ ಮಾಯ. ಝೂಮ್‌ನಲ್ಲಿ ಮೂಲಧ್ವನಿಯನ್ನು ಹಾಗೇ ಕಳಿಸುವ ಆಯ್ಕೆ ಇದೆ, ಅದನ್ನು ಒತ್ತಬೇಕೆಂದು ಎಷ್ಟು ಜನರಿಗೆ ಗೊತ್ತು? ಇನ್ನು ತಬಲಾ ಅಲ್ಲಿ, ಹಾಡು ಇಲ್ಲಿ ಎಂದರೆ ಮುಗಿಯಿತು. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ, ಅರ್ಧ ಸೆಕೆಂಡು. ಕರೆ ಕಾಲು ಸೆಕೆಂಡು ತಡವಾದರೂ ಸಮ್ (ತಾಳದ ಮೊದಲ ಮಾತ್ರೆ) ಅರ್ಧ ಮಾತ್ರೆ ಆಚೆ ಹೋಗಿ ಬೀಳುತ್ತದೆ.

ಮಗ್ಗದಣ್ಣನವರೇ, ವಿಡಿಯೊ ಮಾಡುವುದೇ ಆದರೆ ನಿಮ್ಮ ಮನೆಯಲ್ಲಿ ಒಂದು ಐಶ್ವರ್ಯ ಇದೆ, ನಿಮಗೆ ಗೊತ್ತಿಲ್ಲ. ಸೀರೆ ಒಟ್ಟುವ ಕೋಣೆ ಇರಬೇಕಲ್ಲ? ಗೋಡೆಗುಂಟ ಸೀರೆಯ ಗಂಟು ಇದ್ದರೆ ಪ್ರತಿಧ್ವನಿ ನುಂಗುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಸ್ಟುಡಿಯೊದವರು ದುಡ್ಡು ಕೊಟ್ಟು ಗೋಡೆಗೆ ಬಟ್ಟೆ ಹೊದಿಸುತ್ತಾರೆ. ಅಲ್ಲಿ ಕೂರಿಸಿ. ಫೋನು ಐದಾರು ಅಡಿ ದೂರ, ಹಾಡುವವಳ ಎದೆಯ ಎತ್ತರಕ್ಕೆ. ತಂಬೂರಿ ಅವಳ ಬದಿಗೆ, ಫೋನಿನ ಹತ್ತಿರ ಬೇಡ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಗುಡಿಯ ಸಭಾಮಂಟಪದಲ್ಲಿ ಹಾಡಿಸುತ್ತೇವೆ, ಧ್ವನಿ ಗುಂಯ್ ಎನ್ನುತ್ತದೆ ಎನ್ನುವವರಿಗೆ ಕೈಮುಗಿಯುತ್ತೇನೆ. ಗೋಲಗುಮ್ಮಟದಲ್ಲಿ ಚೀರಿದರೆ ಅದೂ ಹಲವು ಸಲ ಮರುದನಿಸುತ್ತದೆ. ಕೇಳುವವರಿಗೆ ಬೇಕಾದದ್ದು ನಿಮ್ಮ ಮಗಳ ಕಂಠ, ಕಲ್ಲಿನದಲ್ಲ.

ಕ್ಯಾಂಪ್ ಪಿಯಾನೊ ತಾಯಿ (ಬೆಳಗಾವಿ)

ನಮ್ಮದು ಪಾಶ್ಚಾತ್ಯ ಸಂಗೀತ, ಆದರೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತೇನೆ. ಮಗ ಎಬಿಆರ್‌ಎಸ್‌ಎಂ ಎಂಬ ಬ್ರಿಟನ್ನಿನ ಸಂಗೀತ ಸಂಸ್ಥೆಯ ಪರೀಕ್ಷೆ ಕಟ್ಟುತ್ತಾನೆ. 2020ರಲ್ಲಿ ಅವರು ವಿಡಿಯೊ ಕಳಿಸಿ ಕೊಡುವ ಪರೀಕ್ಷೆಯೊಂದನ್ನು ಶುರು ಮಾಡಿದರು. ಹಳೆಯ ಮುಖಾಮುಖಿ ಪರೀಕ್ಷೆಯಲ್ಲಿ ಕೃತಿಗಳ ಜೊತೆಗೆ ಸ್ಕೇಲು, ಹೊಸ ಹಾಳೆಯನ್ನು ನೋಡಿದಾಕ್ಷಣ ನುಡಿಸುವುದು, ಕಿವಿಪರೀಕ್ಷೆ ಎಲ್ಲ ಇವೆ. ವಿಡಿಯೊ ಪರೀಕ್ಷೆಯಲ್ಲಿ ಅವು ಇಲ್ಲ, ನಾಲ್ಕು ಕೃತಿಗಳನ್ನು ನಡುವೆ ನಿಲ್ಲಿಸದೆ ನುಡಿಸಿ ಕಳಿಸಬೇಕು. ಮಗನಿಗೆ ವಿಡಿಯೊ ಸುಖ ಎನಿಸಿತು, ಅಂಕವೂ ಹೆಚ್ಚು ಬಂತು. ಅವನ ಟೀಚರ್‌ಗೆ ಮಾತ್ರ ಸಮಾಧಾನವಿಲ್ಲ. "ನಾಲ್ಕು ಕೃತಿ ಬರುತ್ತದೆ, ಐದನೆಯದನ್ನು ಎದುರಿಗಿಟ್ಟರೆ ಕಣ್ಣು ಬಿಡುತ್ತಾನೆ" ಎನ್ನುತ್ತಾರೆ.

ಗುಮ್ಮಟದವರು ಕೇಳಿದ್ದಕ್ಕೆ ಒಂದು ಮಾತು. ಅಮೆರಿಕದ ವಾದ್ಯವೃಂದಗಳು ಕಲಾವಿದರನ್ನು ಆರಿಸುವಾಗ ಪರದೆ ಕಟ್ಟುತ್ತವೆ, ಬಾಸ್ಟನ್‌ನಲ್ಲಿ 1950ರ ದಶಕದಲ್ಲೇ ಕಟ್ಟಿದ್ದರು. ನುಡಿಸುವವರು ಗಂಡೋ ಹೆಣ್ಣೋ ಎಂದು ಹೆಜ್ಜೆಯ ಸದ್ದಿನಿಂದ ಗೊತ್ತಾಗದಿರಲಿ ಎಂದು ನೆಲಕ್ಕೆ ಜಮಖಾನೆ ಹಾಸುವುದೂ ಉಂಟು. ಇದರಿಂದ ಹೆಂಗಸರಿಗೆ ಅನುಕೂಲವಾಯಿತು ಎಂದು 2000ದಲ್ಲಿ ಗೋಲ್ಡಿನ್ ಮತ್ತು ರೌಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಬರೆದರು. ಅವರ ಲೆಕ್ಕ ಅಷ್ಟು ಗಟ್ಟಿಯಲ್ಲ ಎಂಬ ತಕರಾರೂ ಆಮೇಲೆ ಎದ್ದಿದೆ. ಅದೇನೇ ಇರಲಿ, ಅಲ್ಲಿ ಪರದೆಯ ಹಿಂದೆ ಇರುವವರೂ ಜೀವಂತ ನುಡಿಸುತ್ತಾರೆ. ಮುಖ ಮರೆಮಾಡಲು ವಿಡಿಯೊವೇ ಆಗಬೇಕೆಂದಿಲ್ಲ, ಒಂದು ಹಳೆಯ ಸೀರೆ ಸಾಕು.

ಬನಹಟ್ಟಿ ಹುಡುಗಿ

ಸೀರೆ ನಾವು ಕೊಡುತ್ತೇವೆ ಮೌಸಿ!

ಮೂರು ಸಲ ಕುರ್ಚಿಯಲ್ಲಿ ಕೂತವಳು

ನಾನು ಆಡಿಷನ್‌ನಲ್ಲಿ ಆರಿಸುವವರ ಕುರ್ಚಿಯಲ್ಲಿ ಕೂತವಳು. ಯಾವ ಶಾಲೆ, ಯಾವ ಊರು ಎಂದು ಕೇಳಬೇಡಿ. ಬೆಳಗಾವಿ ಜಿಲ್ಲೆಯ ಸೊಸೆ ಎಂದಷ್ಟು ತಿಳಿದುಕೊಳ್ಳಿ.

ವಿಡಿಯೊಗಳ ಬಗ್ಗೆ ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಅರವತ್ತು ವಿಡಿಯೊ ಇದ್ದರೆ ಮೊದಲ ಹತ್ತನ್ನು ಪೂರ್ತಿ ನೋಡುತ್ತೇವೆ. ಆಮೇಲೆ ಕಿವಿ ದಣಿಯುತ್ತದೆ. ನಲವತ್ತನೆಯದು ಬರುವಷ್ಟರಲ್ಲಿ ಷಡ್ಜ ಹಚ್ಚುವುದನ್ನು ಕೇಳಿ, ಆಲಾಪ ಒಂದೆರಡು ನಿಮಿಷ ಕೇಳಿ, ನಡುವೆ ಒಂದು ಕಡೆ ಮುಂದಕ್ಕೆ ಸರಿಸಿ ತಾನ್ ಕೇಳಿ, ಅಂಕ ಬರೆದುಬಿಡುತ್ತೇವೆ. ಎದುರಿಗೆ ಕೂತ ಮಗುವನ್ನು ಹಾಗೆ ಮುಂದಕ್ಕೆ ಸರಿಸಲು ಬರುವುದಿಲ್ಲ. ಕಣ್ಣು ನೋಡುತ್ತಿರುತ್ತದೆಯಲ್ಲ.

ಎದುರು ಹಾಡುವವರನ್ನು ನಾವು ಏನು ನೋಡುತ್ತೇವೆ ಎನ್ನುವುದು ಎಷ್ಟೋ ತಂದೆತಾಯಿಗಳಿಗೆ ಗೊತ್ತಿಲ್ಲ. ಹದಿನೈದು ನಿಮಿಷದ ತಯಾರಿ ಮಾಡಿಸಿಕೊಂಡು ಬರುತ್ತಾರೆ, ನಾವು ನಾಲ್ಕಕ್ಕೋ ಐದಕ್ಕೋ ಕೈ ಎತ್ತುತ್ತೇವೆ. ಹೊರಗೆ ಬಂದು ಅಳುತ್ತಾರೆ, ಪೂರ್ತಿ ಹಾಡಿಸಲೇ ಇಲ್ಲ, ನಮ್ಮ ಮಗು ಕೆಟ್ಟಿತು ಎಂದು. ಹಾಗಲ್ಲ. ತಯಾರಿ ಎಷ್ಟಿದೆ ಎಂದು ಗೊತ್ತಾಯಿತು, ಅಷ್ಟೇ. ಆಮೇಲೆ ನಮ್ಮ ಕೆಲಸ ಶುರು. ನಾನು ಒಂದು ಸಣ್ಣ ಸ್ವರಗುಚ್ಛ ಹಾಡುತ್ತೇನೆ, ಪಂಚಮದಿಂದ ಗಾಂಧಾರಕ್ಕೆ ಜಾರುವಂಥದ್ದು. ತಿರುಗಿ ಹಾಡು ಎನ್ನುತ್ತೇನೆ. ಮೊದಲ ಸಲ ಬಹುತೇಕ ಎಲ್ಲರೂ ತಪ್ಪುತ್ತಾರೆ. ನಾನು ಮತ್ತೆ ಹಾಡುತ್ತೇನೆ. ಈಗ ನೋಡಬೇಕು. ಕೆಲವರು ಮೊದಲಿನ ತಪ್ಪನ್ನೇ ಇನ್ನೂ ಗಟ್ಟಿಯಾಗಿ ಹಾಡುತ್ತಾರೆ. ಕೆಲವರು ನನ್ನ ಬಾಯಿ ನೋಡುತ್ತಾರೆ, ತುಟಿ ಅಲುಗಿಸದೆ ಒಳಗೇ ಒಮ್ಮೆ ಹಾಡಿಕೊಳ್ಳುತ್ತಾರೆ, ಕತ್ತು ಒಂದಿಷ್ಟು ಸಡಿಲಾಗುತ್ತದೆ, ಆಮೇಲೆ ಬಾಯಿ ತೆರೆಯುತ್ತಾರೆ. ಎರಡನೆಯ ಸಲವೂ ಪೂರ್ತಿ ಸರಿ ಬರದೇ ಹೋಗಬಹುದು, ಆದರೆ ಮೊದಲಿಗಿಂತ ಹತ್ತಿರ ಬಂದಿರುತ್ತದೆ. ನನಗೆ ಬೇಕಾದದ್ದು ಆ ಮಗು. ವಿಡಿಯೊದಲ್ಲಿ ಎರಡನೆಯ ಸಲ ಎಂಬುದೇ ಇಲ್ಲ. ಇದ್ದರೂ ನಮಗೆ ಕಳಿಸುವುದಿಲ್ಲ, ಅಳಿಸಿಬಿಟ್ಟಿರುತ್ತಾರೆ.

ಗುಮ್ಮಟದ ತಮ್ಮನವರ ಸಿಟ್ಟನ್ನು ನಾನು ಅಲ್ಲಗಳೆಯುವುದಿಲ್ಲ. "ಯಾರ ಹತ್ತಿರ ಕಲಿತದ್ದು" ಎಂದು ಹಾಡಿಗೆ ಮೊದಲು ಕೇಳುವುದು ಕೆಟ್ಟ ಚಾಳಿ. ಹಾಡಾದ ಮೇಲೆ ಕೇಳಿದರೆ ಸಾಕು ಎಂದು ನಾನು ಒಮ್ಮೆ ಹೇಳಿ ನೋಡಿದೆ. ಪಕ್ಕದ ಕುರ್ಚಿಯವರು ನಕ್ಕರು. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ.

ವಿಡಿಯೊ ಕಳಿಸಿದವರನ್ನು ಕೊನೆಯ ಪಟ್ಟಿಗೆ ಮುನ್ನ ಅರ್ಧ ತಾಸು ಎದುರು ಕೂರಿಸಿಕೊಂಡರೆ ಬನಹಟ್ಟಿ ತಂಗಿಯಂಥವರಿಗೂ ಬಾಗಿಲು ತೆರೆದಿರುತ್ತದೆ, ಆಮೇಲೆ ಎರಡು ತಿಂಗಳು ಅಳುವುದೂ ತಪ್ಪುತ್ತದೆ. ಪ್ರಯಾಣದ ಖರ್ಚು ಶಾಲೆಯೇ ಕೊಡಬೇಕು, ಆ ಮಾತಿಗೆ ಮಾತ್ರ ಯಾರೂ ಬರುವುದಿಲ್ಲ.

ವಡಗಾವಿ ಮಗ್ಗದವ

ಅಕ್ಕನವರೇ, ನಿಮ್ಮ ಬರಹವನ್ನು ಮಗಳಿಗೆ ಓದಿ ಹೇಳಿದೆ. "ತಪ್ಪಿದರೆ ಮತ್ತೆ ಹಾಡಿಸುತ್ತಾರಾ?" ಎಂದು ಎರಡು ಸಲ ಕೇಳಿದಳು. ಅಂತರಾ ಮರೆತವರಿಗೂ ಮತ್ತೆ ಹಾಡಿಸುತ್ತಾರೆಯೇ?

ಮೂರು ಸಲ ಕುರ್ಚಿಯಲ್ಲಿ ಕೂತವಳು

ಅಂತರಾದ ಮೊದಲ ಸಾಲನ್ನು ನಾನೇ ಎತ್ತಿಕೊಟ್ಟಿದ್ದೇನೆ, ಎಷ್ಟೋ ಮಕ್ಕಳಿಗೆ. ಆರಿಸಿಯೂ ಇದ್ದೇನೆ.

ವೇದಿಕೆ ನೋಡಿಕೊಳ್ಳುವವರು

ಶಾಲೆಗಳ ಹೆಸರು, ಗುರುಗಳ ಹೆಸರು ಹಾಕಿದ ನಾಲ್ಕು ಬರಹಗಳನ್ನು ತೆಗೆದಿದ್ದೇವೆ. ಹಿಂದೂಸ್ತಾನಿ ದೊಡ್ಡದೋ ಕರ್ನಾಟಕಿ ದೊಡ್ಡದೋ ಎಂಬ ಜಗಳಕ್ಕೆ ಬೇರೆ ಕಟ್ಟೆ ಹುಡುಕಿಕೊಳ್ಳಿ.

ವಡಗಾವಿ ಮಗ್ಗದವ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಸೇರಿಸಿ ಒಂದೇ ಉತ್ತರ.

ಮೈಕಿನವರು ಹೇಳಿದಂತೆ ಸೀರೆಯ ಕೋಣೆಯಲ್ಲಿ ಮಗಳನ್ನು ಕೂರಿಸಿ, ರಾತ್ರಿ ಮಗ್ಗ ನಿಂತ ಮೇಲೆ ವಿಡಿಯೊ ಹಿಡಿದೆವು. ಕಳಿಸುವುದಕ್ಕಲ್ಲ, ಆಗ ಇನ್ನೂ ಏನೂ ಗೊತ್ತು ಮಾಡಿರಲಿಲ್ಲ. ಮೂರು ಸಲ ಹಾಡಿದಳು. ಮರುದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತ ಕೂತವಳು ನನ್ನ ಹತ್ತಿರ ಬಂದು, "ಅಪ್ಪಾ, ಮೇಲಿನ ಸಾ ಮೂರೂ ಸಲ ಒಂದು ಕೂದಲೆಳೆ ಕೆಳಗೆ ಕೂತಿದೆ" ಎಂದಳು. ಗುರುಗಳಿಗೆ ಹೇಳಿದರೆ ಅವರು ನಕ್ಕರು. ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದಾರಂತೆ. ಅವರು ಹೇಳಿದಾಗ ಕೇಳಿಸಿರಲಿಲ್ಲ, ತಾನೇ ಕೇಳಿದಾಗ ಕೇಳಿಸಿತು. ಆಮೇಲೆ ಹತ್ತು ದಿನ ದಿನವೂ ಬೆಳಿಗ್ಗೆ ಅದೊಂದೇ ಸ್ವರ. ಅವಳ ಅಮ್ಮ ರೊಟ್ಟಿ ಬಡಿಯುತ್ತ, "ಇವಳ ಸಾ ಮುಗಿಯುವುದರೊಳಗೆ ನನ್ನ ಬುಟ್ಟಿ ತುಂಬುತ್ತದೆ" ಎನ್ನುತ್ತಿದ್ದಳು.

ಹೋಗೋಣ ಎಂದು ಕೊನೆಗೆ ಹೇಳಿದ್ದು ಅವಳೇ.

ಶಾಲೆಗೆ ಫೋನ್ ಮಾಡಿ ತಬಲಾ ಯಾವ ಸ್ವರದ್ದು ಎಂದು ಕೇಳಿದೆ. ಫೋನ್ ಎತ್ತಿದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆದ್ದರಿಂದ ಖಾಸಬಾಗದ ಭಜನಾ ಮಂಡಳಿಯವರ ಹತ್ತಿರ ಕಾಳಿ ಎರಡರ ತಬಲಾ ಕಡ ತಂದು, ಹಳೆಯ ಸೀರೆಯಲ್ಲಿ ಸುತ್ತಿ, ರಾತ್ರಿಯಿಡೀ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿನ ಸೀಟಿನವರು ಬೆಳಗಾವಿಯ ಸಿಹಿ ಕುಂದಾ ಎಂದು ತಿಳಿದಿದ್ದರಂತೆ.

ಅವಳ ಸರದಿ ಹದಿನೇಳನೆಯದು. ಬೆಳಿಗ್ಗೆ ಒಂಬತ್ತಕ್ಕೆ ಹೋದವರನ್ನು ಎರಡೂವರೆಗೆ ಕರೆದರು. ಅಷ್ಟರಲ್ಲಿ ಅವಳು ಒಂದು ಬಾಳೆಹಣ್ಣು ತಿಂದಿದ್ದಳು, ಅಷ್ಟೇ. ತಂದೆತಾಯಿಗಳು ಬಾಗಿಲ ಹತ್ತಿರ ನಿಲ್ಲಬಹುದು ಎಂದರು. ಹಾಡಿದಳು. ಅಂತರಾ ಮರೆಯಲಿಲ್ಲ, ಮೇಲಿನ ಸಾ ಬಂದಾಗ ನನಗೂ ಗೊತ್ತಾಯಿತು, ಹತ್ತು ದಿನ ಕೇಳಿದ್ದೆನಲ್ಲ. ಅಕ್ಕನವರು ಹೇಳಿದಂತೆಯೇ ಐದು ನಿಮಿಷಕ್ಕೆ ಕೈ ಎತ್ತಿದರು. ಕೊನೆಯ ವೇಗದ ದ್ರುತ್ ಹಾಡಲೇ ಇಲ್ಲ. ಆ ಬರಹ ಓದಿರದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ.

ಆಮೇಲೆ ನಡುವೆ ಕೂತಿದ್ದ ವಯಸ್ಸಾದವರು ಒಂದು ಕೇಳಿದರು. ಭೂಪದ ಇದೇ ಐದು ಸ್ವರ ಇಟ್ಟುಕೋ, ಗಾಂಧಾರದ ಮೇಲೆ ನಿಲ್ಲುವ ಬದಲು ಧೈವತದ ಮೇಲೆ ನಿಂತು ನಿಂತು ಹಾಡು, ಏನಾಗುತ್ತದೆ ನೋಡು ಎಂದರು. ಅವಳು ಸುಮ್ಮನೆ ಕೂತಳು. ನನಗೆ ಅದು ಗಣೇಶೋತ್ಸವದ ಮಂಟಪವೇ ಅನಿಸಿತು. ಆಮೇಲೆ ಮೆಲ್ಲಗೆ ಹಾಡಿದಳು. ಒಮ್ಮೆ ಹಾದಿ ತಪ್ಪಿ ಹಳೆಯದಕ್ಕೇ ಬಂದಳು. ಅವರು ಒಂದು ಸಾಲು ಹಾಡಿ ತೋರಿಸಿದರು, ಇವಳು ಮತ್ತೆ ಹಿಡಿದಳು. ಈ ಸಲ ಏನೋ ಬೇರೆ ಆಯಿತು. ಏನೆಂದು ಹೇಳಲು ನನಗೆ ಬರುವುದಿಲ್ಲ, ಅದೇ ನೂಲು, ಬೇರೆ ಸೀರೆ. "ಏನನಿಸಿತು?" ಎಂದು ಅವರು ಕೇಳಿದರು. "ಇದು ಭೂಪ ಅಲ್ಲ ಸರ್. ಬೇರೆ ರಾಗ. ಹೆಸರು ಗೊತ್ತಿಲ್ಲ" ಎಂದಳು. ಅವರು ಹೆಸರು ಹೇಳಲಿಲ್ಲ. "ಆಯಿತು, ಹೋಗು" ಎಂದರು.

ನಿವೃತ್ತ ಹಾರ್ಮೋನಿಯಂ ಮಾಸ್ತರ

ದೇಶಕಾರ. ಬೆಳಗಿನ ರಾಗ. ಮಗಳಿಗೆ ಹೇಳಿ. ಬೇಡ, ಹೇಳಬೇಡಿ, ಅವಳೇ ಹುಡುಕಿಕೊಳ್ಳಲಿ.

ಪಿಸುಗುಟ್ಟುವ ಗುಮ್ಮಟ

ಯಾರ ಹತ್ತಿರ ಕಲಿತದ್ದು ಎಂದು ಕೇಳಿದರೋ ಇಲ್ಲವೋ?

ವಡಗಾವಿ ಮಗ್ಗದವ

ಕೇಳಿದರು. ಮೊದಲೇ.

ನವನಗರದ ತಬಲಜಿ

ತಬಲಾ ಉಪಯೋಗಕ್ಕೆ ಬಂತೇ ಅಣ್ಣನವರೇ?

ವಡಗಾವಿ ಮಗ್ಗದವ

ಬಂತು. ಅಲ್ಲಿದ್ದದ್ದು ನೀವು ಹೇಳಿದಂತೆ ಕಾಳಿ ಒಂದರದೇ. ಸಾಥ್ ಕೊಡುವ ಹುಡುಗ ನಮ್ಮದನ್ನು ಬಿಚ್ಚಿ ನೋಡಿ, ಎರಡು ಪೆಟ್ಟು ಹಾಕಿ ಕೂಡಿಸಿಕೊಂಡ. ನಮ್ಮವಳದು ಮುಗಿದ ಮೇಲೆ ಇನ್ನೂ ಇಬ್ಬರು ಹುಡುಗಿಯರಿಗೆ ಬೇಕೆಂದು ಅಲ್ಲೇ ಇಟ್ಟುಕೊಂಡರು. ಅದು ಕೈಗೆ ಬರುವವರೆಗೆ ಕಾಯುತ್ತ ಕೂತು ರೈಲು ತಪ್ಪುವುದರಲ್ಲಿತ್ತು. ನಿನ್ನೆ ಖಾಸಬಾಗಕ್ಕೆ ವಾಪಸು ಕೊಟ್ಟು ಬಂದೆ. ಪಟ್ಟಿ ಇನ್ನೂ ಹೊರಬಿದ್ದಿಲ್ಲ.